ಹಾವು ಕಡಿತಕ್ಕೆ ಹೊಸ ಔಷಧ: ಸಹಭಾಗಿತ್ವದ ಕರಾರು ಬರೆಯುವವರು ಯಾರು?

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಹಾವು ಕಡಿದವರು ಬಂದರೆ ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಅದರ ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವುಗಳನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಸಾಲಿಗೆ ಸೇರಿಸಿದ್ದು 2017ರಲ್ಲಿ ಎಂಬುದನ್ನು ನೆನೆದರೆ ಇವೆಲ್ಲ ತಡವಾಗಿ ಬಂದ ಕ್ರಮಗಳೇ, ಆದರೂ ಸ್ವಾಗತಾರ್ಹ. ಲೆಕ್ಕ ಇಡುವುದು ಶುರುವಾಯಿತು, ಗುರಿಯೂ ಗೊತ್ತಾಯಿತು. ಆ ಗುರಿ ಮುಟ್ಟಲು ವೈದ್ಯರಿಗೆ ಬೇಕಾದ ಔಷಧ ಮಾತ್ರ 1890ರ ದಶಕದಲ್ಲಿ ಫ್ರಾನ್ಸ್‌ನ ಆಲ್ಬರ್ಟ್ ಕಾಲ್ಮೆಟ್ ತೋರಿಸಿಕೊಟ್ಟ ದಾರಿಯಲ್ಲೇ ಇಂದಿಗೂ ತಯಾರಾಗುತ್ತಿದೆ. ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಹಾವಿನ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ, ಶುದ್ಧೀಕರಿಸಿ, ಒಣಪುಡಿಯಾಗಿಸಿ ಸೀಸೆಗೆ ತುಂಬುವ ವಿಧಾನವದು.

ಈ ಔಷಧ ಅಸಂಖ್ಯ ಜೀವಗಳನ್ನು ಉಳಿಸಿದೆ, ಇಂದಿಗೂ ಉಳಿಸುತ್ತಿದೆ. ಆದರೆ ಅದನ್ನು ಕೊಡುವ ಸನ್ನಿವೇಶವನ್ನು ಹತ್ತಿರದಿಂದ ನೋಡಿದಾಗಲೇ ಅದರ ಮಿತಿಯೂ ಅರಿವಾಗುವುದು. ದೀಪಾವಳಿಯ ಆಸುಪಾಸಿನಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬಿನ ಕಟಾವು ಶುರುವಾದರೆ, ವಿಜಯಪುರದ ಒಣಭೂಮಿಯ ತಾಲ್ಲೂಕುಗಳಿಂದಲೂ ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ಗ್ಯಾಂಗಿನವರು ಮಕ್ಕಳು ಮರಿಗಳೊಂದಿಗೆ ಬಂದು ಹೊಲದ ಬದಿಯಲ್ಲೇ ಗುಡಿಸಲು ಹಾಕಿಕೊಳ್ಳುತ್ತಾರೆ. ಕಬ್ಬಿನ ರವದಿಯಲ್ಲಿ ಇಲಿಗಳಿರುತ್ತವೆ; ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಹಗಲಿನಲ್ಲಿ ಕೊಯ್ತದ ಕೈಗೆ, ಬರಿಗಾಲಿಗೆ ಕೊಳಕು ಮಂಡಲ ಕಡಿಯುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟು ಹಾವು ಕಡಿದರೆ ನೋವೂ ಇರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ; ಬೆಳಗಿನ ಜಾವ ಹೊಟ್ಟೆನೋವು ಎನ್ನುತ್ತ ಎದ್ದವರ ಕಣ್ಣರೆಪ್ಪೆ ಜೋತುಬಿದ್ದಿರುವುದನ್ನು ಕಂಡ ಮೇಲೆಯೇ ಮನೆಯವರಿಗೆ ಏನೋ ಆಗಿದೆ ಎಂದು ತಿಳಿಯುವುದು.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಮಾಡುವ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಶುಭ್ರವಾದ, ಒಣಗಿದ ಗಾಜಿನ ನಳಿಕೆಯೊಂದಕ್ಕೆ ರೋಗಿಯ ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ಬಿಟ್ಟು, ಆಮೇಲೆ ನಳಿಕೆಯನ್ನು ಓರೆ ಮಾಡಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಮೈಗೇರಿದೆ ಎಂದರ್ಥ. ಆಗ ಎಎಸ್‌ವಿ, ಅಂದರೆ ಹಾವಿನ ಪ್ರತಿವಿಷದ ಸೀಸೆಗಳನ್ನು ತೆರೆದು, ಪ್ರತಿಯೊಂದಕ್ಕೂ 10 ಮಿಲಿಲೀಟರ್ ಶುದ್ಧ ನೀರು ಬೆರೆಸಿ, ನೊರೆ ಏಳದಂತೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ಮೊದಲ ಸುತ್ತಿಗೇ ಎಂಟರಿಂದ ಹತ್ತು ಸೀಸೆ ಬೇಕಾಗುತ್ತದೆ. ಕುದುರೆಯ ಪ್ರೊಟೀನು ಕೆಲವರಿಗೆ ಒಗ್ಗದೆ ರಕ್ತದೊತ್ತಡ ಕುಸಿಯಬಹುದಾದ್ದರಿಂದ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಸಿದ್ಧವಿರಬೇಕು. ಇಷ್ಟೆಲ್ಲ ಇರುವ ಜಾಗಕ್ಕೆ ರೋಗಿ ತಲುಪುವವರೆಗೆ ವಿಷವನ್ನು ತಡೆದು ನಿಲ್ಲಿಸುವ ಔಷಧ ಯಾವುದೂ ಇಲ್ಲ.

ಇನ್ನೊಂದು ಮಿತಿ ಇನ್ನೂ ಗಂಭೀರವಾದದ್ದು. ಭಾರತದ ಪ್ರತಿವಿಷ ನಾಲ್ಕು ಹಾವುಗಳಿಗೆ ಮಾತ್ರ ತಯಾರಾಗುತ್ತದೆ: ನಾಗರಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನಲ್ಲಿ 1978ರಲ್ಲಿ ಆರಂಭವಾದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಹೀಗಾಗಿ ದೇಶದ ಹಲವು ಭಾಗಗಳ ಹಾವುಗಳ ವಿಷದ ಮೇಲೆ ಈಗಿನ ಪ್ರತಿವಿಷ ನಿರೀಕ್ಷಿಸಿದಷ್ಟು ಕೆಲಸ ಮಾಡುವುದಿಲ್ಲ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ಪ್ರಯೋಗಗಳಿಂದ ತೋರಿಸಿದೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಇಷ್ಟು ದೊಡ್ಡ ಸಂಖ್ಯೆಯ ಸಾವಿಗೆ ಹೊಸ ಔಷಧ ಏಕೆ ಬರಲಿಲ್ಲ?

ಸತ್ತವರಲ್ಲಿ ಹೆಚ್ಚಿನವರು ಔಷಧಕ್ಕೆ ಬೆಲೆ ಕೊಡುವ ಶಕ್ತಿಯಿಲ್ಲದವರಾಗಿದ್ದರು ಎಂಬುದೇ ಇದಕ್ಕೆ ಉತ್ತರ. 1975ರಿಂದ 1999ರವರೆಗೆ ಜಗತ್ತಿನ ಮಾರುಕಟ್ಟೆಗೆ ಬಂದ 1,393 ಹೊಸ ಔಷಧಗಳ ಪೈಕಿ ಉಷ್ಣವಲಯದ ರೋಗಗಳಿಗೆ ಮತ್ತು ಕ್ಷಯಕ್ಕೆ ಸೇರಿ ದೊರೆತದ್ದು ಕೇವಲ 16. ಅಲ್ಲಿಂದ 2011ರವರೆಗೆ ಬಂದ 336 ಹೊಸ ರಾಸಾಯನಿಕ ಔಷಧಗಳಲ್ಲಿ ನಿರ್ಲಕ್ಷಿತ ರೋಗಗಳ ಪಾಲು ನಾಲ್ಕು. ಆ ನಾಲ್ಕೂ ಮಲೇರಿಯಾ ಹಾಗೂ ಅತಿಸಾರಕ್ಕೆ ಹೋದವು. ಇರುವ ಔಷಧವೂ ಲಾಭ ಕೊಡದಿದ್ದರೆ ನಿಂತುಹೋಗುತ್ತದೆ. ಆಫ್ರಿಕಾದ ಹಾವುಗಳಿಗಾಗಿ ಸನೋಫಿ ಕಂಪನಿ ತಯಾರಿಸುತ್ತಿದ್ದ ಫಾವ್-ಆಫ್ರಿಕ್ ಎಂಬ ಉತ್ತಮ ಪ್ರತಿವಿಷದ ಉತ್ಪಾದನೆ 2014ರಲ್ಲಿ ನಿಂತದ್ದು ಹೀಗೆಯೇ. ಕಂಪನಿಗಳನ್ನು ಬೈದರೆ ಇದು ಸರಿಹೋಗುವುದಿಲ್ಲ. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಸಂಸ್ಥೆ ಕೊಳ್ಳುವವರಿಲ್ಲದ ಔಷಧಕ್ಕೆ ಹತ್ತು ಹದಿನೈದು ವರ್ಷ ಹಣ ಹೂಡುವುದಿಲ್ಲ. ಸರ್ಕಾರಿ ಪ್ರಯೋಗಾಲಯಗಳಲ್ಲಿ ಜ್ಞಾನವಿದೆ, ಆದರೆ ಒಂದು ಅಣುವನ್ನು ಗುಳಿಗೆಯಾಗಿಸಿ ಲಕ್ಷಗಟ್ಟಲೆ ತಯಾರಿಸುವ ಕಾರ್ಖಾನೆಯೂ ಅನುಭವವೂ ಇಲ್ಲ. ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಎಂಬ ವ್ಯವಸ್ಥೆ ಹುಟ್ಟಿದ್ದು ಈ ಎರಡು ಕೊರತೆಗಳ ನಡುವೆ.

ಅದು ಹೇಗೆ ನಡೆಯುತ್ತದೆ ಎಂಬುದಕ್ಕೆ ಆಫ್ರಿಕಾದ ನಿದ್ರಾರೋಗದ ಕಥೆ ಒಳ್ಳೆಯ ಉದಾಹರಣೆ. ಜಿನೀವಾದಲ್ಲಿ 2003ರಲ್ಲಿ ಡಿಎನ್‌ಡಿಐ ಎಂಬ ಲಾಭರಹಿತ ಸಂಸ್ಥೆ ಸ್ಥಾಪನೆಯಾಯಿತು. ಗಡಿಗಳಾಚೆಯ ವೈದ್ಯರ ಸಂಘಟನೆ ಎಂಎಸ್‌ಎಫ್ ಜೊತೆಗೆ ಬ್ರೆಜಿಲ್, ಕೀನ್ಯಾ, ಮಲೇಷ್ಯಾ, ಫ್ರಾನ್ಸ್ ದೇಶಗಳ ಸಂಸ್ಥೆಗಳೂ ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಅದರ ಸ್ಥಾಪಕ ಸದಸ್ಯರು. ಈ ಸಂಸ್ಥೆಗೆ ಸ್ವಂತ ಕಾರ್ಖಾನೆ ಇಲ್ಲ. ಯಾವ ರೋಗಕ್ಕೆ ಎಂಥ ಔಷಧ ಬೇಕು ಎಂಬುದನ್ನು ರೋಗಿಗಳ ನಡುವೆ ಕೆಲಸ ಮಾಡುವವರಿಂದ ಕೇಳಿ ತಿಳಿದು, ಅದಕ್ಕೆ ತಕ್ಕ ಅಣುವನ್ನು ಹುಡುಕಿ, ಕಂಪನಿ, ವಿಶ್ವವಿದ್ಯಾಲಯ ಮತ್ತು ಸರ್ಕಾರಗಳನ್ನು ಒಂದು ಕರಾರಿಗೆ ತರುವುದು ಅದರ ಕೆಲಸ. ಆ ಕಾಲಕ್ಕೆ ನಿದ್ರಾರೋಗಕ್ಕೆ ಕೊಡುತ್ತಿದ್ದ ಮೆಲಾರ್ಸೊಪ್ರಾಲ್ ಆರ್ಸೆನಿಕ್‌ನಿಂದ ಮಾಡಿದ್ದು; ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು ಐದು ಮಂದಿಯನ್ನು ಅದೇ ಕೊಲ್ಲುತ್ತಿತ್ತು. ಹಳೆಯ ಅಣುಗಳನ್ನು ಜಾಲಾಡಿದಾಗ, ಜರ್ಮನಿಯ ಹೆಕ್ಸ್ಟ್ ಕಂಪನಿ 1980ರ ದಶಕದಲ್ಲಿ ಅರ್ಧಕ್ಕೇ ಕೈಬಿಟ್ಟಿದ್ದ ಫೆಕ್ಸಿನಿಡಜೋಲ್ ಸಿಕ್ಕಿತು. ಹೆಕ್ಸ್ಟ್‌ನ ಉತ್ತರಾಧಿಕಾರಿಯಾದ ಸನೋಫಿ ಉತ್ಪಾದನೆಯ ಹೊಣೆ ಹೊತ್ತಿತು, ಡಿಎನ್‌ಡಿಐ ಕಾಂಗೊ ಮತ್ತು ಮಧ್ಯ ಆಫ್ರಿಕಾದಲ್ಲಿ ರೋಗಿಗಳ ಮೇಲಿನ ಪ್ರಯೋಗ ನಡೆಸಿತು, 2018ರಲ್ಲಿ ಯುರೋಪಿನ ಔಷಧ ಸಂಸ್ಥೆ ಅನುಕೂಲಕರ ಅಭಿಪ್ರಾಯ ಕೊಟ್ಟಿತು. ಹತ್ತು ದಿನ ನುಂಗುವ ಗುಳಿಗೆಯಿಂದ ವಾಸಿಯಾಗುವ ಕಾಯಿಲೆಯಾಗಿ ನಿದ್ರಾರೋಗ ಬದಲಾಯಿತು. ಕಂಪನಿಯ ಕಪಾಟಿನಲ್ಲಿ ಸುಮಾರು ಎರಡು ದಶಕ ಧೂಳು ತಿನ್ನುತ್ತಿದ್ದ ಅಣುವನ್ನು ಹೊರತೆಗೆಸಿದ್ದು ರೋಗಿಗಳ ಪರವಾಗಿ ಕೇಳುವವರೊಬ್ಬರು ಇದ್ದದ್ದರಿಂದ.

ಎಲ್ಲ ಸಹಭಾಗಿತ್ವಗಳೂ ಹೀಗೆ ಮುಗಿಯುವುದಿಲ್ಲ. ಬಿಹಾರದಲ್ಲಿ ಮರಳುನೊಣದಿಂದ ಹರಡುವ ಕಾಲಾ ಅಜಾರ್ ಎಂಬ ಜ್ವರ ನಮ್ಮ ದೇಶದ್ದೇ ಪಾಠ. ಕ್ಯಾನ್ಸರ್‌ಗೆಂದು ಶುರುವಾದ ಮಿಲ್ಟೆಫೋಸಿನ್ ಎಂಬ ಔಷಧವನ್ನು ವಿಶ್ವ ಆರೋಗ್ಯ ಸಂಸ್ಥೆಯ ಉಷ್ಣವಲಯದ ರೋಗಗಳ ವಿಭಾಗವೂ ಜರ್ಮನಿಯ ಕಂಪನಿಯೂ ಸೇರಿ ಕಾಲಾ ಅಜಾರ್‌ಗೆ ಅಳವಡಿಸಿದವು. ಭಾರತದ ರೋಗಿಗಳು ಪ್ರಯೋಗಕ್ಕೆ ಒಳಗಾದರು. 2002ರಲ್ಲಿ ಇಲ್ಲಿಯೇ ಅದಕ್ಕೆ ಅನುಮತಿ ಸಿಕ್ಕಿತು. ಆ ರೋಗಕ್ಕೆ ಬಾಯಿಂದ ನುಂಗುವ ಮೊದಲ ಔಷಧವದು. ಮುಂದೆ ಅದರ ಹಕ್ಕುಗಳು ಕೈಬದಲಾಯಿಸಿ ಕೆನಡಾದ ಕಂಪನಿಯೊಂದಕ್ಕೆ ಸೇರಿದವು. ನಿರ್ಲಕ್ಷಿತ ರೋಗಕ್ಕೆ ಔಷಧ ತಂದವರಿಗೆ ಬೇರೊಂದು ಔಷಧದ ಪರಿಶೀಲನೆಯನ್ನು ತ್ವರಿತವಾಗಿ ಮಾಡಿಸಿಕೊಳ್ಳುವ ಹಕ್ಕುಪತ್ರ ಕೊಡುವ ಕಾನೂನು ಅಮೆರಿಕದಲ್ಲಿ 2007ರಿಂದ ಇದೆ. ಮಿಲ್ಟೆಫೋಸಿನ್‌ಗೆ 2014ರಲ್ಲಿ ಅಲ್ಲಿ ಅನುಮತಿ ದೊರೆತಾಗ ಆ ಹಕ್ಕುಪತ್ರ ಕೆನಡಾದ ಕಂಪನಿಗೆ ಸಿಕ್ಕಿತು. ಅದು ಅದನ್ನು ಗಿಲಿಯಡ್ ಕಂಪನಿಗೆ 12.5 ಕೋಟಿ ಡಾಲರ್‌ಗೆ ಮಾರಿತು. ಸಂಶೋಧನೆಯ ಬಹುಭಾಗಕ್ಕೆ ಹಣ ಹಾಕಿದ್ದು ಸಾರ್ವಜನಿಕ ಸಂಸ್ಥೆ, ಮೈಯೊಡ್ಡಿದ್ದು ಬಡ ರೋಗಿಗಳು. ಬಂದ ಹಣದಲ್ಲಿ ಅವರಿಗೆ ಪಾಲಿರಲಿಲ್ಲ. ಔಷಧವನ್ನು ಕೈಗೆಟಕುವ ಬೆಲೆಗೆ ಬೇಕಾದಷ್ಟು ಒದಗಿಸಬೇಕು ಎಂಬ ಷರತ್ತೂ ಆ ಕಾನೂನಿನಲ್ಲಿರಲಿಲ್ಲ. ಬಹುಮಾನವನ್ನು ಪೂರೈಕೆಯ ಹೊಣೆಗೆ ಕಟ್ಟಿಹಾಕದಿದ್ದರೆ ಆಗುವುದು ಇದೇ.

ಅದೇ ಕಾಲಾ ಅಜಾರ್‌ಗೆ ಹೈದರಾಬಾದಿನ ಗ್ಲ್ಯಾಂಡ್ ಫಾರ್ಮಾ ತಯಾರಿಸಿದ ಪ್ಯಾರೊಮೊಮೈಸಿನ್ ಇಂಜೆಕ್ಷನ್ ಲಾಭರಹಿತ ಸಂಸ್ಥೆಯೊಂದರ ನೇತೃತ್ವದಲ್ಲಿ ಬಂದು 2006ರಲ್ಲಿ ಅನುಮತಿ ಪಡೆಯಿತು. ಬೆಲೆ ಕಡಿಮೆಯಿತ್ತು, ಆದರೆ 21 ದಿನ ದಿನವೂ ಇಂಜೆಕ್ಷನ್ ಬೇಕಿದ್ದರಿಂದ ಬಳಕೆಯಲ್ಲಿ ಹಿಂದೆ ಬಿತ್ತು. ಕೊನೆಗೆ ಗೆದ್ದದ್ದು ಗಿಲಿಯಡ್ ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ದಾನ ಮಾಡಿದ, ಒಂದೇ ಬಾರಿ ರಕ್ತನಾಳಕ್ಕೆ ಹನಿಸುವ ಲೈಪೋಸೋಮಲ್ ಆಂಫೋಟೆರಿಸಿನ್. 2011ರಲ್ಲಿ 33 ಸಾವಿರದಷ್ಟಿದ್ದ ಪ್ರಕರಣಗಳು 2023ರ ವೇಳೆಗೆ ಸಾವಿರದೊಳಗೆ ಇಳಿದವು. ಸಾಧನೆ ದೊಡ್ಡದು. ಆದರೆ ದಾನ ಕೊಡುವವರ ಮನಸ್ಸು ಬದಲಾದರೆ ಏನು ಗತಿ ಎಂಬ ಪ್ರಶ್ನೆ ಅದರೊಳಗೇ ಉಳಿದಿದೆ.

ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಓದುಗರಿಗೆ ದಾನದ ಔಷಧ ಹೊಸದಲ್ಲ. ಆನೆಕಾಲು ರೋಗ ನೆಲೆನಿಂತ ರಾಜ್ಯದ ಜಿಲ್ಲೆಗಳ ಪಟ್ಟಿಯಲ್ಲಿ ಇವೆರಡೂ ಇವೆ. ರೋಗದ ಸೂಕ್ಷ್ಮ ಮರಿಹುಳುಗಳು ರಕ್ತದಲ್ಲಿ ಕಾಣಿಸಿಕೊಳ್ಳುವುದು ರಾತ್ರಿ ಹೊತ್ತು ಮಾತ್ರವಾದ್ದರಿಂದ, ಆರೋಗ್ಯ ಸಿಬ್ಬಂದಿ ಕತ್ತಲಾದ ಮೇಲೆ ಮನೆ ಮನೆಗೆ ಹೋಗಿ, ಮಲಗಿದ್ದವರನ್ನು ಎಬ್ಬಿಸಿ, ಬೆರಳ ತುದಿಯಿಂದ ರಕ್ತ ತೆಗೆಯಬೇಕಾಗುತ್ತದೆ. ಈ ರೋಗಕ್ಕೆ ಕೊಡುವ ಡಿಇಸಿ ಗುಳಿಗೆಯನ್ನು ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ಕಂಡುಹಿಡಿದ ತಂಡವನ್ನು ಮುನ್ನಡೆಸಿದವರು ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದರ ಜೊತೆಗೆ ಅಲ್ಬೆಂಡಜೋಲ್, ಐವರ್ಮೆಕ್ಟಿನ್ ಸೇರಿಸಿ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿಯನ್ನು ದೇಶದಲ್ಲಿ ಮೊದಲು ಆರಂಭಿಸಿದ ಐದು ಜಿಲ್ಲೆಗಳಲ್ಲಿ ನಮ್ಮ ನೆರೆಯ ಯಾದಗಿರಿಯೂ ಒಂದು. ಐವರ್ಮೆಕ್ಟಿನ್ ಎಷ್ಟು ಕೊಡಬೇಕೆಂಬುದನ್ನು ಎತ್ತರದ ಮೇಲೆ ನಿರ್ಧರಿಸುತ್ತಾರೆ. ಅಳತೆಯ ಕೋಲಿನ ಪಕ್ಕದಲ್ಲಿ ನಿಲ್ಲಿಸಿ, ಎಷ್ಟನೆಯ ಗೆರೆ ಮುಟ್ಟುತ್ತಾರೋ ಅಷ್ಟು ಗುಳಿಗೆ. ಮರ್ಕ್ ಕಂಪನಿ ಐವರ್ಮೆಕ್ಟಿನ್ನನ್ನು ಆಫ್ರಿಕಾದ ನದಿಕುರುಡು ರೋಗಕ್ಕಾಗಿ 1987ರಿಂದಲೇ ಉಚಿತವಾಗಿ ಕೊಡುತ್ತ ಬಂದಿದೆ, ಆನೆಕಾಲು ರೋಗಕ್ಕೂ ಅದನ್ನು ವಿಸ್ತರಿಸಿದೆ. ಅಲ್ಬೆಂಡಜೋಲ್ ಜಿಎಸ್‌ಕೆ ಕಂಪನಿಯ ಕೊಡುಗೆ. ಹೀಗಿದ್ದೂ ಈ ಔಷಧಗಳು ಮುಖ್ಯವಾಗಿ ಮರಿಹುಳುಗಳನ್ನು ನಾಶಮಾಡುತ್ತವೆ, ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುವ ದೊಡ್ಡ ಹುಳುಗಳನ್ನು ಪೂರ್ತಿಯಾಗಿ ಕೊಲ್ಲುವುದಿಲ್ಲ. ಆದ್ದರಿಂದಲೇ ಊರಿಗೆ ಊರೇ ವರ್ಷ ವರ್ಷ ಗುಳಿಗೆ ನುಂಗಬೇಕು. ದೊಡ್ಡ ಹುಳುವನ್ನೇ ಕೊಲ್ಲುವ ಔಷಧಕ್ಕಾಗಿ ಬೇಯರ್ ಕಂಪನಿಯ ಪಶುವೈದ್ಯ ಔಷಧ ಎಮೋಡೆಪ್ಸೈಡ್ ಅನ್ನು ಡಿಎನ್‌ಡಿಐ ಮೊದಲಿಗೆ ನದಿಕುರುಡಿನ ಮೇಲೆ ಪರೀಕ್ಷಿಸುತ್ತಿದೆ.

ಔಷಧವೊಂದೇ ಎಲ್ಲವನ್ನೂ ಮಾಡುತ್ತದೆ ಎಂದು ಯಾರೂ ಭಾವಿಸಬಾರದು. ಒಂದು ಕಾಲಕ್ಕೆ ಇದೇ ಭಾಗದ ಹಳ್ಳಿಗಳನ್ನು ಕಾಡಿದ್ದ ನಾರುಹುಣ್ಣು ಔಷಧವೂ ಲಸಿಕೆಯೂ ಇಲ್ಲದೆ, ಮೆಟ್ಟಿಲು ಬಾವಿಗಳ ಬದಲು ಬೋರ್‌ವೆಲ್ ನೀರು ಕೊಟ್ಟು, ನೀರು ಸೋಸಿ ಕುಡಿಯುವುದನ್ನು ಕಲಿಸಿದ್ದರಿಂದ ದೇಶವನ್ನೇ ಬಿಟ್ಟುಹೋಯಿತು. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಹಾವು ಕಡಿತದಲ್ಲೂ ಗಮ್‌ಬೂಟು, ಟಾರ್ಚು, ಸೊಳ್ಳೆಪರದೆ, ನೆಲದಿಂದ ಎತ್ತರದ ಮಂಚ ಇವುಗಳಿಂದ ಉಳಿಯುವ ಜೀವಗಳು ಬಹಳ. ಕಡಿತವಾದ ಮೇಲೆ ಮಾತ್ರ ಔಷಧಕ್ಕೆ ಬದಲಿಯಿಲ್ಲ.

ನಮ್ಮ ಭಾಗದಲ್ಲಿ ರೋಗಿಗಳಷ್ಟೇ ಅಲ್ಲ, ಔಷಧವನ್ನು ಶಾಸ್ತ್ರೀಯವಾಗಿ ಒರೆಗೆ ಹಚ್ಚಬಲ್ಲವರೂ ಇದ್ದಾರೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ನಡೆಸಿದ ಪ್ರಯೋಗದಲ್ಲಿ, ಎಎನ್‌ಎಂ ಸಿಬ್ಬಂದಿ ಕೊಟ್ಟ ಮಿಸೋಪ್ರೊಸ್ಟಾಲ್ ಗುಳಿಗೆಯಿಂದ ಹೆರಿಗೆಯ ನಂತರದ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿದದ್ದು ಸಾಬೀತಾಯಿತು. ಆಮೇಲೆ ಬಂದದ್ದು ಕಾರ್ಬೆಟೋಸಿನ್. ರಕ್ತಸ್ರಾವ ತಡೆಯಲು ಕೊಡುವ ಆಕ್ಸಿಟೋಸಿನ್ನನ್ನು ಫ್ರಿಜ್‌ನಲ್ಲೇ ಇಡಬೇಕು. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಕೇಂದ್ರಗಳಲ್ಲಿ ಅದು ಕೆಡುತ್ತದೆ. ಬಿಸಿಲನ್ನು ತಾಳುವ ಕಾರ್ಬೆಟೋಸಿನ್ನನ್ನು ವಿಶ್ವ ಆರೋಗ್ಯ ಸಂಸ್ಥೆ, ಫೆರಿಂಗ್ ಕಂಪನಿ ಮತ್ತು ಎಂಎಸ್‌ಡಿ ಕಂಪನಿಯ ತಾಯಂದಿರ ಯೋಜನೆ ಕೂಡಿ ಪರೀಕ್ಷಿಸಿದವು. ಹತ್ತು ದೇಶಗಳ 29,645 ಮಹಿಳೆಯರು ಪಾಲ್ಗೊಂಡ ಆ ಪ್ರಯೋಗದಲ್ಲಿ ಬೆಳಗಾವಿ ಮತ್ತು ಬಾಗಲಕೋಟೆಯ ವೈದ್ಯರ ಪಾತ್ರ ದೊಡ್ಡದಿತ್ತು, 2018ರಲ್ಲಿ ಪ್ರಕಟವಾದ ಫಲಿತಾಂಶದ ಲೇಖಕರ ಸಾಲಿನಲ್ಲಿ ಅವರ ಹೆಸರುಗಳಿವೆ. ಪ್ರಸವ ರಕ್ತಸ್ರಾವ ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿದ್ದಲ್ಲ. ಆದರೆ ಅಲ್ಲಿನ ಕರಾರು ಇಲ್ಲಿಗೂ ಮಾದರಿಯಾಗಬಲ್ಲದು: ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳ ಸರ್ಕಾರಿ ಆಸ್ಪತ್ರೆಗಳಿಗೆ ಕೈಗೆಟಕುವ ಬೆಲೆಯಲ್ಲಿ ಔಷಧ ಒದಗಿಸುವುದಾಗಿ ಕಂಪನಿ ಮೊದಲೇ ಒಪ್ಪಿಕೊಂಡಿತ್ತು.

ಇದಕ್ಕೆ ಹೋಲಿಸಿದರೆ ಕೋವ್ಯಾಕ್ಸಿನ್ ಅನುಭವ ಮಿಶ್ರವಾದದ್ದು. ಐಸಿಎಂಆರ್ ಮತ್ತು ಭಾರತ್ ಬಯೋಟೆಕ್ ಸೇರಿ ತಯಾರಿಸಿದ ಆ ಲಸಿಕೆಯ ಆರಂಭದ ಪ್ರಯೋಗಗಳು ನಡೆದ ಕೇಂದ್ರಗಳಲ್ಲಿ ಬೆಳಗಾವಿಯೂ ಒಂದಾಗಿತ್ತು. ನಿವ್ವಳ ಮಾರಾಟದ ಶೇಕಡಾ 5ರಷ್ಟು ರಾಯಧನ ಐಸಿಎಂಆರ್‌ಗೆ ಎಂಬ ಷರತ್ತು ಕರಾರಿನಲ್ಲಿತ್ತು, ಅದು ಸರಿಯಾದದ್ದೇ. ಆದರೆ ಪೇಟೆಂಟ್ ಅರ್ಜಿಯಲ್ಲಿ ಐಸಿಎಂಆರ್ ಹೆಸರೇ ಇರಲಿಲ್ಲ. 2024ರಲ್ಲಿ ವಿಷಯ ಬಹಿರಂಗವಾದ ಮೇಲೆ ಅದನ್ನು ಸೇರಿಸುವುದಾಗಿ ಕಂಪನಿ ಹೇಳಿತು. ಸಾರ್ವಜನಿಕ ಸಂಸ್ಥೆ ತನ್ನ ಪಾಲನ್ನು ತಾನೇ ಕಾಯ್ದುಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಈಗ ಹಾವು ಕಡಿತದಲ್ಲಿ ಹೊಸ ಔಷಧದ ಸಾಧ್ಯತೆಗಳು ಕಾಣಿಸಿಕೊಂಡಿರುವುದರಿಂದ ಈ ಮಾತಿಗೆ ಮಹತ್ವ ಬಂದಿದೆ. ವರೆಸ್ಪ್ಲಾಡಿಬ್ ಎಂಬ ಗುಳಿಗೆ ಹೃದ್ರೋಗಕ್ಕೆಂದು ಪರೀಕ್ಷೆಯಾಗಿ ಅಲ್ಲಿ ಸೋತಿತ್ತು. ಅನೇಕ ಹಾವುಗಳ ವಿಷದಲ್ಲಿರುವ ಒಂದು ಮುಖ್ಯ ಕಿಣ್ವವನ್ನು ಅದು ತಡೆಯುತ್ತದೆ ಎಂದು ತಿಳಿದ ಮೇಲೆ ಅಮೆರಿಕದ ಒಫಿರೆಕ್ಸ್ ಕಂಪನಿ, ಅಲ್ಲಿನ ರಕ್ಷಣಾ ಇಲಾಖೆಯ ಹಣದ ನೆರವಿನಿಂದ, ಭಾರತ ಮತ್ತು ಅಮೆರಿಕದಲ್ಲಿ ಹಾವು ಕಡಿದ 95 ಮಂದಿಯ ಮೇಲೆ ಪ್ರಯೋಗ ನಡೆಸಿತು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮುಖ್ಯ ಗುರಿ ಈಡೇರಲಿಲ್ಲ; ಕಡಿತವಾದ ಐದು ಗಂಟೆಯೊಳಗೆ ಗುಳಿಗೆ ಪಡೆದವರಲ್ಲಿ ಮಾತ್ರ ಅನುಕೂಲದ ಸೂಚನೆಗಳು ಕಂಡವು. ಗೆದ್ದ ಔಷಧವೆಂದು ಇದನ್ನು ಕರೆಯಲಾಗದು, ಕೈಬಿಡುವಂಥದ್ದೂ ಅಲ್ಲ; ಹೊಲದ ಬದಿಯಲ್ಲೇ ನುಂಗಿಸಬಹುದಾದ ಗುಳಿಗೆ ಎಂಬ ಕಲ್ಪನೆಗೇ ದೊಡ್ಡ ಬೆಲೆಯಿದೆ. ಅದೇ ವರ್ಷ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ನಾಗರ ಮತ್ತು ಕಟ್ಟು ಹಾವುಗಳ ಕುಟುಂಬದ ಪ್ರಮುಖ ನರವಿಷಗಳನ್ನು ತಡೆಯಬಲ್ಲ, ಪ್ರಯೋಗಾಲಯದಲ್ಲೇ ತಯಾರಾಗುವ ಪ್ರತಿಕಾಯವೊಂದನ್ನು ಇಲಿಗಳ ಮೇಲೆ ಪರೀಕ್ಷಿಸಿ ತೋರಿಸಿದರು. ಅದಕ್ಕೆ ಕುದುರೆ ಬೇಡ.

ಇಂಥವು ರೋಗಿಗೆ ತಲುಪಬೇಕಾದರೆ ದೊಡ್ಡ ಪ್ರಯೋಗಗಳು ನಡೆಯಬೇಕು, ಅವು ನಡೆಯಬೇಕಾದದ್ದು ಹಾವು ಕಡಿದವರು ಬರುವ ದವಾಖಾನೆಗಳಲ್ಲಿ. ಕಂಪನಿಗಳಿಗೆ ನಮ್ಮ ಭಾಗ ಬೇಕಾಗುವುದು ಆಗಲೇ, ಚೌಕಾಸಿ ಮಾಡುವ ಶಕ್ತಿ ನಮಗಿರುವುದೂ ಆಗಲೇ. ಔಷಧಕ್ಕೆ ಅನುಮತಿ ಸಿಕ್ಕ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಹೀಗಾಗಿ ಸಾರ್ವಜನಿಕ ಹಣವೋ, ಸಾರ್ವಜನಿಕ ಆಸ್ಪತ್ರೆಯೋ ಒಳಗೊಂಡ ಪ್ರತಿಯೊಂದು ಕರಾರಿನಲ್ಲೂ ಕೆಲವು ಮಾತುಗಳು ಮೊದಲೇ ಬರೆದಿರಬೇಕು ಎಂದು ನಾನು ನಂಬುತ್ತೇನೆ. ಸರ್ಕಾರಿ ಖರೀದಿಗೆ ಬೆಲೆಯ ಮಿತಿ ಪ್ರಯೋಗ ಶುರುವಾಗುವ ಮುನ್ನವೇ ನಿಗದಿಯಾಗಬೇಕು. ಕಂಪನಿ ಉತ್ಪಾದನೆ ನಿಲ್ಲಿಸಿದರೆ ಅಥವಾ ಬೇರೆಯವರಿಗೆ ಮಾರಿಕೊಂಡರೆ, ತಯಾರಿಕೆಯ ವಿಧಾನ ಎರಡನೆಯ ಉತ್ಪಾದಕರಿಗೆ ತಾನಾಗಿಯೇ ಸಿಗುವಂತಿರಬೇಕು. ಮಿಲ್ಟೆಫೋಸಿನ್ ಮತ್ತು ಫಾವ್-ಆಫ್ರಿಕ್ ಎರಡೂ ಕಲಿಸಿದ್ದು ಇದನ್ನೇ. ಪ್ರಯೋಗ ಸೋತರೂ ಫಲಿತಾಂಶ ಪೂರ್ತಿಯಾಗಿ ಪ್ರಕಟವಾಗಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಓದಿ ಹೇಳಬೇಕು, ಪ್ರಜ್ಞೆ ತಪ್ಪಿದ ರೋಗಿಯ ಪರವಾಗಿ ಸಹಿ ಹಾಕುವವರು ಕೂಲಿಯವರನ್ನು ಕರೆತರುವ ಗ್ಯಾಂಗಿನ ಮುಕಾದಮ ಆಗಿರಬಾರದು. ಈ ಕೊನೆಯ ಮಾತು ದೊಡ್ಡ ನೀತಿಪತ್ರಗಳಲ್ಲಿ ಸಿಗುವುದಿಲ್ಲ, ಆದರೆ ಹಬ್ಬದ ಮುಂಗಡ ಪಡೆದು ಋಣದಲ್ಲಿರುವ ಕೂಲಿಯವರ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು.

ಹಣದ ಪ್ರಶ್ನೆ ಬಾಕಿ ಇದೆ. ಇಂಥ ರೋಗಗಳಿಗೆ ದೊಡ್ಡ ಆಸರೆಯಾಗಿದ್ದ ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿದ ಮೇಲೆ ಹೊರಗಿನವರನ್ನೇ ನೆಚ್ಚಿ ಕೂರುವಂತಿಲ್ಲ. ಹಾವು ಕಡಿತದ ಮಟ್ಟಿಗೆ ಖಾಸಗಿ ಪಾಲುದಾರರೆಂದರೆ ಔಷಧ ಕಂಪನಿಗಳೇ ಆಗಬೇಕೆಂದೂ ಇಲ್ಲ. ಬೆಳಗಾವಿ ಜಿಲ್ಲೆಯೊಂದರಲ್ಲೇ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ, ಕಡಿತಕ್ಕೊಳಗಾಗುವವರಲ್ಲಿ ಅನೇಕರು ಅವುಗಳಿಗೆ ಕಬ್ಬು ಪೂರೈಸುವ ಕೈಗಳೇ. ರಾಜ್ಯದಲ್ಲಿ ಒಂದು ಹಂಗಾಮಿಗೆ ಸುಮಾರು ಐದು ಕೋಟಿ ಟನ್ ಕಬ್ಬು ನುರಿಯುತ್ತದೆ. ಟನ್ನಿಗೆ ಒಂದು ರೂಪಾಯಿಯಂತೆ ಕಾರ್ಖಾನೆಗಳು ತೆಗೆದಿಟ್ಟರೂ ವರ್ಷಕ್ಕೆ ಐದು ಕೋಟಿ ರೂಪಾಯಿ. ಹೊಸ ಔಷಧವನ್ನು ಆರಂಭದಿಂದ ಕಟ್ಟಲು ಅದು ಏನೇನೂ ಸಾಲದು. ಈ ಭಾಗದ ಹಾವುಗಳ ವಿಷವನ್ನು ಸಂಗ್ರಹಿಸಿ ಪರೀಕ್ಷಿಸುವ ಕೆಲಸ ಆರಂಭಿಸಲು, ತಾಲ್ಲೂಕು ಆಸ್ಪತ್ರೆಗಳಲ್ಲಿ ಪ್ರಯೋಗದ ದಾಖಲೆ ಇಡುವ ನರ್ಸ್‌ಗಳನ್ನು ನೇಮಿಸಲು ನೆರವಾಗಬಹುದು. ಆ ರೂಪಾಯಿ ರೈತರ ಬಿಲ್ಲಿನಿಂದಾಗಲಿ ಗ್ಯಾಂಗಿನವರ ಕೂಲಿಯಿಂದಾಗಲಿ ಮುರಿದುಕೊಂಡದ್ದಾಗಿರಬಾರದು ಎಂಬುದನ್ನೂ ಕರಾರಿನಲ್ಲೇ ಬರೆಯಬೇಕು.